ಹಳೆಯ ಕಾರಿನ ಮೀಟರ್ ಬೋರ್ಡಿಗೆ ಬೆಳಕು ಮರಳಬೇಕಾದರೆ

ಹಳೆಯ ಕಾರಿನ ಮೀಟರ್ ಬೋರ್ಡಿನ ಬೆಳಕು ಒಂದೇ ರಾತ್ರಿಯಲ್ಲಿ ಹೋಗುವುದಿಲ್ಲ. ಅದು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, ದಿನವೂ ಆ ಕಾರನ್ನು ಓಡಿಸುವವರ ಕಣ್ಣು ಆ ಇಳಿಕೆಗೆ ಒಗ್ಗಿಕೊಳ್ಳುತ್ತಾ ಹೋಗುತ್ತದೆ. ನಮ್ಮ ಮನೆಯ 1978ರ ಅಂಬಾಸಡರ್ ಕಾರಿನಲ್ಲಿ ಈ ಸಂಗತಿ ನನಗೆ ಅರಿವಾದದ್ದು ಒಂದು ರಾತ್ರಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟಾಗ. ಆನಗೋಡು ದಾಟಿದ ಮೇಲೆ, ಹಿಂದಿನಿಂದ ಬರುವ ಲಾರಿಯ ಹೆಡ್‌ಲೈಟು ಕಾರಿನೊಳಗೆ ಬಿದ್ದಾಗ ಮಾತ್ರ ಸ್ಪೀಡೋಮೀಟರಿನ ಮುಳ್ಳು ಕಾಣುತ್ತಿತ್ತು. ಲಾರಿ ನಮ್ಮನ್ನು ಹಿಂದಿಕ್ಕಿ ಹೋದೊಡನೆ ಮುಳ್ಳೂ ಅಂಕಿಗಳೂ ಮತ್ತೆ ಕತ್ತಲೆಗೆ ಸೇರುತ್ತಿದ್ದವು. ಭರಮಸಾಗರದ ಹತ್ತಿರ ಚಹಾ ಕುಡಿಯಲು ನಿಲ್ಲಿಸಿದಾಗ ಬಾನೆಟ್ಟಿನ ಸಂದಿಯಿಂದ ಬಿಸಿ ನೀರಿನ ಹಬೆಯ ವಾಸನೆ ಬಂತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಎಷ್ಟು ಹೊತ್ತಿನಿಂದ ಮೇಲೇರಿತ್ತೋ, ಆ ಮಂಕು ಬೆಳಕಿನಲ್ಲಿ ಅದು ನನಗೆ ಕಂಡಿರಲೇ ಇಲ್ಲ. ಮೀಟರ್ ಬೋರ್ಡಿನ ದೀಪ ಅಲಂಕಾರಕ್ಕಾಗಿ ಇರುವುದಲ್ಲ ಎಂಬುದು ಆ ರಾತ್ರಿ ನನಗೆ ಮನದಟ್ಟಾಯಿತು.

ಹೊಸ ಬಲ್ಬು ತಂದು ಹಾಕಿದರೆ ಕೆಲಸ ಮುಗಿಯಿತು ಎಂದು ಅನ್ನಿಸುವುದು ಸಹಜ. ಆದರೆ ಬಲ್ಬು ಒಂದು ಉದ್ದನೆಯ ದಾರಿಯ ನಡುವಿನ ಒಂದು ನಿಲ್ದಾಣ ಮಾತ್ರ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಲೈಟ್ ಸ್ವಿಚ್ಚನ್ನೂ, ಬೆಳಕನ್ನು ಹೆಚ್ಚು ಕಡಿಮೆ ಮಾಡುವ ರಿಯೋಸ್ಟಾಟನ್ನೂ, ವಯರಿನ ಹಲವು ಜೋಡಣೆಗಳನ್ನೂ, ಹೋಲ್ಡರನ್ನೂ ದಾಟಿ ಬಲ್ಬನ್ನು ತಲುಪಬೇಕು, ಅಲ್ಲಿಂದ ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಮರಳಬೇಕು; ಈ ಮರಳುವ ದಾರಿಯನ್ನೇ ಅರ್ತ್ ಎನ್ನುವುದು. ಬಲ್ಬಿನಿಂದ ಹೊರಟ ಬೆಳಕು ಮೀಟರಿನ ಡಬ್ಬಿಯೊಳಗಿನ ಬಿಳಿ ಬಣ್ಣಕ್ಕೆ ತಾಗಿ ಚೆದುರಿ, ಹಸಿರು ಅಥವಾ ನೀಲಿ ಫಿಲ್ಟರ್ ಇದ್ದರೆ ಅದನ್ನೂ ದಾಟಿ ಡಯಲಿನ ಮೇಲೆ ಬೀಳಬೇಕು. ನಲವತ್ತು ಐವತ್ತು ವರ್ಷಗಳ ಕಾರಿನಲ್ಲಿ ಈ ದಾರಿಯ ಪ್ರತಿಯೊಂದು ತಾಣದಲ್ಲಿಯೂ ಒಂದಿಷ್ಟು ಸೋರಿಕೆ ಇದ್ದೇ ಇರುತ್ತದೆ. ಬಲ್ಬು ಬದಲಿಸುವ ನೆಪದಲ್ಲಿ ಈ ಇಡೀ ದಾರಿಯನ್ನು ಒಮ್ಮೆ ಶುದ್ಧಮಾಡಿಬಿಡಬೇಕು ಎಂಬುದೇ ನಾನು ಇಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು. ನಮ್ಮೂರಿನ ಹಳೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ನನ್ನ ಕೈಯಲ್ಲಿದ್ದ ಬಲ್ಬನ್ನು ನೋಡಿ ಹೇಳಿದ ಮಾತೂ ಅದೇ ಆಗಿತ್ತು: "ಬಲ್ಬ್ ಆಮ್ಯಾಲೆ ನೋಡಣ ಸರ್, ಮೊದ್ಲು ಅರ್ತ್ ಹೆಂಗೈತೆ ನೋಡ್ರಿ."

ಮೊದಲು ಕಾರಣವನ್ನು ತಿಳಿದುಕೊಳ್ಳೋಣ. ಹಳೆಯ ಬಲ್ಬಿನೊಳಗೆ ಇರುವುದು ಟಂಗ್‌ಸ್ಟನ್ ತಂತಿ. ಅದು ಕಾದು ಬೆಳಗುವಾಗ ಲೋಹದ ಅತಿ ಸಣ್ಣ ಕಣಗಳು ಆವಿಯಾಗಿ ಹೋಗಿ ಗಾಜಿನ ಒಳಮೈಗೆ ಅಂಟಿಕೊಳ್ಳುತ್ತವೆ, ವರ್ಷಗಳು ಕಳೆದಂತೆ ಗಾಜು ಹೊಗೆ ಹಿಡಿದ ಲಾಟೀನಿನಂತೆ ಕಪ್ಪಾಗುತ್ತದೆ. ಇಂತಹ ಬಲ್ಬನ್ನು ತೆಗೆದು ಬಿಳಿ ಕಾಗದದ ಮೇಲೆ ಹೊಸ ಬಲ್ಬಿನ ಪಕ್ಕದಲ್ಲಿ ಇಟ್ಟು ನೋಡಿದರೆ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಎರಡನೆಯ ಕಾರಣ ವೋಲ್ಟೇಜಿನ ನಷ್ಟ. ತಂತಿಯ ಬಲ್ಬಿನಲ್ಲಿ ವೋಲ್ಟೇಜು ಇಳಿದಷ್ಟೇ ಪ್ರಮಾಣದಲ್ಲಿ ಬೆಳಕು ಇಳಿಯುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಇಳಿಯುತ್ತದೆ. ವೋಲ್ಟೇಜು ಶೇ 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ 30ರಷ್ಟು ಕಡಿಮೆಯಾಗುತ್ತದೆ; ಬ್ಯಾಟರಿಯಲ್ಲಿ 12.5 ವೋಲ್ಟ್ ಇದ್ದು ಬಲ್ಬಿಗೆ ತಲುಪುತ್ತಿರುವುದು 10.5 ವೋಲ್ಟ್ ಮಾತ್ರವಾದರೆ ಬೆಳಕು ಹೆಚ್ಚು ಕಡಿಮೆ ಅರ್ಧಕ್ಕೆ ಬಂದಿರುತ್ತದೆ. ಎರಡು ವೋಲ್ಟಿನ ನಷ್ಟಕ್ಕೆ ತುಕ್ಕು ಹಿಡಿದ ಒಂದೆರಡು ಜೋಡಣೆಗಳೇ ಸಾಕು.

ಆದ್ದರಿಂದ ಸ್ಕ್ರೂಡ್ರೈವರ್ ಹಿಡಿಯುವುದಕ್ಕೆ ಮೊದಲು ಒಂದು ಸಂಜೆ, ಕತ್ತಲಾದ ಮೇಲೆ, ಕಾರಿನಲ್ಲಿ ಕುಳಿತು ಸುಮ್ಮನೆ ಗಮನಿಸಬೇಕು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹತ್ತು ನಿಮಿಷವಾದರೂ ಬೇಕು. ಪಾರ್ಕಿಂಗ್ ಲೈಟ್ ಹಾಕಿ ಮೀಟರುಗಳನ್ನು ನೋಡಿ. ಒಂದೇ ಮೀಟರ್ ಮಂಕಾಗಿದ್ದು ಉಳಿದವು ಚೆನ್ನಾಗಿದ್ದರೆ ದೋಷ ಆ ಬಲ್ಬಿನಲ್ಲಿ ಅಥವಾ ಆ ಹೋಲ್ಡರಿನಲ್ಲಿ ಇದೆ. ಎಲ್ಲವೂ ಒಂದೇ ಸಮನಾಗಿ ಮಂಕಾಗಿದ್ದರೆ ಎಲ್ಲಕ್ಕೂ ಸೇರಿದ ಜಾಗದಲ್ಲಿ, ಅಂದರೆ ಸ್ವಿಚ್ಚು, ರಿಯೋಸ್ಟಾಟು ಅಥವಾ ಅರ್ತ್‌ನಲ್ಲಿ ಹುಡುಕಬೇಕು. ಈಗ ಹೆಡ್‌ಲೈಟ್ ಹಾಕಿ. ಆ ಕ್ಷಣದಲ್ಲಿ ಮೀಟರಿನ ಬೆಳಕು ಇನ್ನೂ ಕುಗ್ಗಿದರೆ ಹೆಡ್‌ಲೈಟಿನ ಹೆಚ್ಚಿನ ವಿದ್ಯುತ್ತೂ ಮೀಟರಿನ ವಿದ್ಯುತ್ತೂ ಒಟ್ಟಿಗೆ ಹಾದುಹೋಗುವ ಕಡೆ ತಡೆ ಇದೆ ಎಂದು ಅರ್ಥ, ಅದು ಬಹುಮಟ್ಟಿಗೆ ಲೈಟ್ ಸ್ವಿಚ್ಚಿನ ಒಳಗಿನ ಸುಟ್ಟ ಸಂಪರ್ಕ ಅಥವಾ ಬ್ಯಾಟರಿಯ ಟರ್ಮಿನಲ್ ಆಗಿರುತ್ತದೆ. ಎಂಜಿನ್ ನಿಧಾನವಾಗಿ ಓಡುವಾಗ ಮಂಕಾಗಿದ್ದು ಆಕ್ಸಿಲರೇಟರ್ ಒತ್ತಿದಾಗ ಬೆಳಗಿದರೆ ಚಾರ್ಜಿಂಗ್ ಕಡೆ ನೋಡಬೇಕು. ಬ್ಯಾಟರಿ ಚಾರ್ಜ್ ಮಾಡಲು ಹಳೆಯ ಬಗೆಯ ಡೈನಮೋ ಇರುವ ಕಾರುಗಳಲ್ಲಿ ನಿಧಾನದ ಓಟದಲ್ಲಿ ಚಾರ್ಜ್ ಬಾರದೆ ಇರುವುದು ಅದರ ಸ್ವಭಾವವೇ ಆದರೂ, ವ್ಯತ್ಯಾಸ ತೀರಾ ಹೆಚ್ಚಾಗಿದ್ದರೆ ಬ್ಯಾಟರಿಯ ಆಯುಸ್ಸು ಮುಗಿದಿರಬಹುದು. ಡ್ಯಾಶ್‌ಬೋರ್ಡನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದಾಗ ದೀಪ ಮಿಣುಕಿದರೆ ಎಲ್ಲೋ ಜೋಡಣೆ ಸಡಿಲವಾಗಿದೆ. ಕೊನೆಗೆ ರಿಯೋಸ್ಟಾಟಿನ ಗುಂಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ಹತ್ತಿಪ್ಪತ್ತು ಸಲ ತಿರುಗಿಸಿ ನೋಡಿ. ಎಷ್ಟೋ ಕಾರುಗಳಲ್ಲಿ ಅಷ್ಟರಿಂದಲೇ ಅರ್ಧ ಬೆಳಕು ಮರಳಿದ್ದನ್ನು ನಾನು ಕಂಡಿದ್ದೇನೆ.

ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದವರು ಇದನ್ನು ಅಂಕಿಗಳಲ್ಲಿಯೇ ತಿಳಿಯಬಹುದು. ದೀಪ ಉರಿಯುತ್ತಿರುವಾಗ ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಎಷ್ಟು ವೋಲ್ಟ್ ಇದೆ ಎಂದು ಬರೆದುಕೊಂಡು, ನಂತರ ಹೋಲ್ಡರಿನಲ್ಲಿ ಎಷ್ಟು ತಲುಪುತ್ತಿದೆ ಎಂದು ನೋಡಬೇಕು. ಅರ್ತ್ ಮಾತ್ರ ಪರೀಕ್ಷಿಸಲು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಹೋಲ್ಡರಿನ ಲೋಹದ ಹೊರಮೈಗೂ ಇನ್ನೊಂದನ್ನು ಬ್ಯಾಟರಿಯ ಅರ್ತ್ ಟರ್ಮಿನಲ್ಲಿಗೂ ತಾಗಿಸಿದರೆ ಅಲ್ಲಿ ಹೆಚ್ಚು ಕಡಿಮೆ ಸೊನ್ನೆ ಕಾಣಬೇಕು, 0.2 ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತ್ ಕೆಟ್ಟಿದೆ. ಮಲ್ಟಿಮೀಟರ್ ಇಲ್ಲದವರು ಒಂದು ಉದ್ದನೆಯ ವಯರನ್ನು ಬ್ಯಾಟರಿಯ ಅರ್ತ್ ಟರ್ಮಿನಲ್ಲಿಗೆ ಕಟ್ಟಿ ಅದರ ಇನ್ನೊಂದು ತುದಿಯನ್ನು ಮೀಟರಿನ ಡಬ್ಬಿಗೆ ತಾಗಿಸಿ ನೋಡಲಿ. ತಾಗಿಸಿದೊಡನೆ ದೀಪ ಬೆಳಗಿದರೆ ಉತ್ತರ ಸಿಕ್ಕಂತೆಯೇ.

ಇನ್ನು ಬಲ್ಬಿನ ಖರೀದಿ. ಅಂಬಾಸಡರ್ ತಯಾರಿಕೆ 2014ರಲ್ಲಿ ಉತ್ತರಪಾರದ ಕಾರ್ಖಾನೆಯಲ್ಲಿ ನಿಂತುಹೋಯಿತು, ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು, ಸ್ಟ್ಯಾಂಡರ್ಡ್ ಹೆರಾಲ್ಡ್ ಇನ್ನೂ ಹಿಂದಿನದು. ಆದರೂ ಇವುಗಳ ಮೀಟರ್ ಬಲ್ಬು ಸಿಗುವುದು ಕಷ್ಟವಲ್ಲ, ಏಕೆಂದರೆ ಆ ಬಲ್ಬುಗಳು ಒಂದು ಕಾರಿಗೆಂದೇ ಮಾಡಿದವಲ್ಲ. ಅವುಗಳ ಬುಡ ಕೆಲವೇ ನಿಶ್ಚಿತ ಬಗೆಯದು. ಟಾರ್ಚ್ ಬಲ್ಬಿನಂತೆ ತಿರುಪು ಇರುವುದು ಇ10; ಬ್ರಿಟಿಷ್ ಮೂಲದ ಕಾರುಗಳಲ್ಲಿ ಹೆಚ್ಚಾಗಿ ಇರುವ, 987 ಎಂಬ ಸಂಖ್ಯೆಯ 12 ವೋಲ್ಟ್ 2.2 ವ್ಯಾಟಿನ ಬಲ್ಬು ಈ ಜಾತಿಯದು. ಒತ್ತಿ ತಿರುಗಿಸುವ, ಬುಡದ ಎರಡು ಬದಿಗೆ ಪಿನ್ ಇರುವ ಬಲ್ಬುಗಳಲ್ಲಿ 9 ಮಿಲಿಮೀಟರಿನದು ಬಿಎ9ಎಸ್, 7 ಮಿಲಿಮೀಟರಿನದು ಬಿಎ7ಎಸ್. ಲೋಹದ ಬುಡವೇ ಇಲ್ಲದ, ಗಾಜನ್ನೇ ಚಪ್ಪಟೆ ಮಾಡಿ ಹೋಲ್ಡರಿಗೆ ತುರುಕುವ ಬಲ್ಬುಗಳು ನಂತರದ ಮಾದರಿಗಳಲ್ಲಿ ಬಂದವು. ಒಂದೇ ಮೀಟರ್ ಬೋರ್ಡಿನಲ್ಲಿ ಬೆಳಕಿನ ಬಲ್ಬು ಒಂದು ಬಗೆಯದೂ ಎಚ್ಚರಿಕೆಯ ಬಲ್ಬು ಇನ್ನೊಂದು ಬಗೆಯದೂ ಆಗಿರುವುದುಂಟು. ಆದ್ದರಿಂದ ಕಾರಿನ ಹೆಸರು ಹೇಳಿ ಬಲ್ಬು ಕೇಳುವುದಕ್ಕಿಂತ, ಹಳೆಯ ಬಲ್ಬನ್ನೇ ಬಿಚ್ಚಿಕೊಂಡು ಹೋಗಿ ಕೌಂಟರಿನ ಮೇಲೆ ಇಟ್ಟು ಕೇಳುವುದು ಒಳ್ಳೆಯದು.

ಇಲ್ಲಿ ನನಗಾದ ಒಂದು ನಷ್ಟವನ್ನು ಹೇಳಲೇಬೇಕು. ದಾವಣಗೆರೆ ಲಾರಿಗಳ ಊರು. ಲಾರಿಯ ಬಿಡಿಭಾಗಗಳನ್ನೇ ಹೆಚ್ಚಾಗಿ ಮಾರುವ ಅಂಗಡಿಯೊಂದರಲ್ಲಿ ನಾನು ಪಿನ್ ಇರುವ ಬಲ್ಬುಗಳನ್ನು ನಾಲ್ಕು ಕೊಂಡು ತಂದೆ. ಬುಡ ಸರಿಯಾಗಿ ಕೂತಿತು, ದೀಪವೂ ಉರಿಯಿತು, ಆದರೆ ಹಳೆಯ ಬಲ್ಬಿಗಿಂತಲೂ ಮಂಕಾಗಿ, ಕೆಂಪು ದಾರದಂತೆ. ದೋಷ ವಯರಿನಲ್ಲಿಯೇ ಇದೆ ಎಂದು ನಂಬಿ ಒಂದು ಇಡೀ ಭಾನುವಾರ ಜೋಡಣೆಗಳನ್ನೆಲ್ಲ ಬಿಚ್ಚಿ ಕಟ್ಟಿದೆ. ಸಂಜೆ ಬಲ್ಬನ್ನು ಬೆಳಕಿಗೆ ಹಿಡಿದು, ಬುಡದ ಹಿತ್ತಾಳೆಯ ಮೇಲೆ ಕೊರೆದಿದ್ದ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿದಾಗ ಅಲ್ಲಿ 24 ವೋಲ್ಟ್ ಎಂದಿತ್ತು. 24 ವೋಲ್ಟಿನ ಬಲ್ಬನ್ನು 12 ವೋಲ್ಟಿಗೆ ಹಾಕಿದರೆ ಅದು ಕೊಡುವ ಬೆಳಕು ಅದರ ಪೂರ್ಣ ಬೆಳಕಿನ ಹತ್ತನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ: ಹಳೆಯ ಸ್ಕೂಟರುಗಳ 6 ವೋಲ್ಟಿನ ಬಲ್ಬು, ಟಾರ್ಚಿನ 2.5 ವೋಲ್ಟಿನ ತಿರುಪಿನ ಬಲ್ಬು, ಇವೂ ನೋಡಲು ಹಾಗೆಯೇ ಇರುತ್ತವೆ, ಹೋಲ್ಡರಿನಲ್ಲಿ ಹಾಗೆಯೇ ಕೂರುತ್ತವೆ, ಸ್ವಿಚ್ಚು ಹಾಕಿದೊಡನೆ ಒಮ್ಮೆ ಮಿಂಚಿ ಸುಟ್ಟುಹೋಗುತ್ತವೆ. ಅಂಗಡಿ ಬಿಡುವ ಮೊದಲೇ ಪ್ರತಿ ಬಲ್ಬಿನ ಬುಡವನ್ನು ಓದಿ ನೋಡಿಕೊಳ್ಳಿ. ರಟ್ಟಿನ ಡಬ್ಬಿಯ ಮೇಲೆ ಬರೆದಿರುವುದನ್ನು ನಂಬಬೇಡಿ, ಅಂಗಡಿಯಲ್ಲಿ ಒಂದು ಡಬ್ಬಿಯ ಬಲ್ಬು ಇನ್ನೊಂದಕ್ಕೆ ಸೇರಿಹೋಗಿರುತ್ತದೆ.

ವ್ಯಾಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. 2.2 ವ್ಯಾಟಿನ ಬಲ್ಬು ಮಂಕಾಗಿದೆ ಎಂದು ಅಲ್ಲಿ 4 ಅಥವಾ 5 ವ್ಯಾಟಿನದನ್ನು ಹಾಕಬಾರದು. ಮೀಟರಿನ ಡಬ್ಬಿ ಮುಚ್ಚಿದ ಜಾಗ. ಎರಡರಷ್ಟು ಶಾಖ ಅಲ್ಲಿ ಸೇರಿದರೆ ಪ್ಲಾಸ್ಟಿಕ್ ಫಿಲ್ಟರ್ ಮೆತ್ತಗಾಗಿ ಬಾಗುತ್ತದೆ, ಡಯಲಿನ ಬಣ್ಣ ಬಲ್ಬಿನ ನೇರಕ್ಕೆ ಕಂದಿ ಕಲೆಯಾಗುತ್ತದೆ, ಕಡಿಮೆ ವಿದ್ಯುತ್ತಿಗೆಂದು ಮಾಡಿದ ರಿಯೋಸ್ಟಾಟಿನ ತಂತಿ ಕಾಯುತ್ತದೆ. 2.2 ವ್ಯಾಟಿನ ನಾಲ್ಕು ಬಲ್ಬುಗಳು ಒಟ್ಟಿಗೆ ಎಳೆಯುವುದು ಮುಕ್ಕಾಲು ಆಂಪಿಯರಿಗೂ ಕಡಿಮೆ, ಆ ಕಾಲದವರು ಎಲ್ಲವನ್ನೂ ಆ ಲೆಕ್ಕದಲ್ಲಿಯೇ ಕಟ್ಟಿದ್ದಾರೆ. ಒಂದು ಡಯಲ್ ಕಲೆಯಾದರೆ ಅದಕ್ಕೆ ಬದಲಿ ಸಿಗುವುದಿಲ್ಲ, ಬಲ್ಬಿಗೆ ಸಿಗುತ್ತದೆ.

ಎಲ್‌ಇಡಿ ಹಾಕಬಹುದೇ ಎಂದು ಬಹಳ ಜನ ಕೇಳುತ್ತಾರೆ. ಹಾಕಬಹುದು, ಶಾಖವೂ ಕಡಿಮೆ. ಆದರೆ ನಾನು ಹಾಕುವುದಿಲ್ಲ. ಹಳೆಯ ಮೀಟರುಗಳಲ್ಲಿ ಬೆಳಕು ಬಲ್ಬಿನ ಎಲ್ಲ ಬದಿಯಿಂದಲೂ ಹೊರಟು ಡಬ್ಬಿಯ ಗೋಡೆಗೆ ತಾಗಿ ಮೃದುವಾಗಿ ಬರಬೇಕು, ಎಲ್‌ಇಡಿಯ ಬೆಳಕು ಹೆಚ್ಚಾಗಿ ಒಂದೇ ಕಡೆಗೆ ಚುಚ್ಚಿದಂತೆ ಬಂದು ಡಯಲಿನ ಮೇಲೆ ಮಚ್ಚೆಮಚ್ಚೆಯಾಗಿ ಕಾಣುತ್ತದೆ. ರಿಯೋಸ್ಟಾಟಿನಿಂದ ಅದನ್ನು ಸರಿಯಾಗಿ ಇಳಿಸಲೂ ಆಗುವುದಿಲ್ಲ. ಹಾಕುವವರು ಎರಡು ಸಂಗತಿಗಳನ್ನು ಮರೆಯಬಾರದು. ಎಲ್‌ಇಡಿಗೆ ಪ್ಲಸ್ ಮೈನಸ್ ಭೇದವಿದೆ, ಬ್ರಿಟಿಷ್ ಮೂಲದ ಕೆಲವು ಹಳೆಯ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಬಾಡಿಗೆ ಸೇರಿರುತ್ತದೆ, ಅಲ್ಲಿ ಎಲ್‌ಇಡಿ ತಿರುಗುಮುರುಗಾಗಿ ಸೇರಿ ಉರಿಯದೆ ಇರಬಹುದು. ಮತ್ತು ಚಾರ್ಜಿಂಗ್ ಎಚ್ಚರಿಕೆಯ ಕೆಂಪು ದೀಪದ ಜಾಗಕ್ಕೆ ಎಲ್‌ಇಡಿ ಬೇಡವೇ ಬೇಡ. ಡೈನಮೋ ಬದಲು ಬಂದ ಎಷ್ಟೋ ಆಲ್ಟರ್ನೇಟರುಗಳಿಗೆ ಕೆಲಸ ಆರಂಭಿಸಲು ಬೇಕಾದ ಮೊದಲ ವಿದ್ಯುತ್ತು ಆ ಬಲ್ಬಿನ ಮೂಲಕವೇ ಹೋಗುತ್ತದೆ. ಎಲ್‌ಇಡಿ ಅಷ್ಟನ್ನು ಬಿಡುವುದಿಲ್ಲವಾದ್ದರಿಂದ ಕಾರು ಚಾರ್ಜೇ ಆಗದೆ ನಿಂತುಬಿಡಬಹುದು.

ಈಗ ಕೆಲಸಕ್ಕೆ ಬರೋಣ. ನಮ್ಮ ಕಡೆಯ ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡನ್ನು ಮುಟ್ಟಲೂ ಆಗುವುದಿಲ್ಲ, ಆದ್ದರಿಂದ ಬೆಳಗಿನ ಹೊತ್ತು, ನೆರಳಿನಲ್ಲಿ ಕಾರು ನಿಲ್ಲಿಸಿಕೊಂಡು ಆರಂಭಿಸಬೇಕು. ಮೊಟ್ಟಮೊದಲು ಬ್ಯಾಟರಿಯ ಟರ್ಮಿನಲ್ ಬಿಚ್ಚಬೇಕು, ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ಆ ಕಾಲದ ಅನೇಕ ಕಾರುಗಳಲ್ಲಿ ಲೈಟಿನ ವಯರುಗಳಿಗೆ ಫ್ಯೂಸೇ ಇರುವುದಿಲ್ಲ; ಬ್ಯಾಟರಿಗೆ ಹೋಗುವ ಬರುವ ವಿದ್ಯುತ್ತನ್ನು ತೋರಿಸುವ ಆಮೀಟರ್ ಇರುವ ಕಾರಿನಲ್ಲಂತೂ ಅದರ ಹಿಂದಿನ ಎರಡು ದಪ್ಪ ಬೋಲ್ಟುಗಳಿಗೆ ಬ್ಯಾಟರಿಯ ವಿದ್ಯುತ್ತು ಸದಾ ನೇರವಾಗಿ ಬಂದಿರುತ್ತದೆ. ಕೈಯಲ್ಲಿನ ಸ್ಪ್ಯಾನರ್ ಅದಕ್ಕೂ ಬಾಡಿಗೂ ಒಮ್ಮೆ ತಾಗಿದರೆ ವಯರಿಂಗ್ ಪೂರ್ತಿ ಸುಡಬಹುದು. ಬಿಚ್ಚುವಾಗ ಬಾಡಿಗೆ ಸೇರಿದ ಟರ್ಮಿನಲ್ಲನ್ನೇ ಮೊದಲು ಬಿಚ್ಚಬೇಕು, ಆಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಅದು ಪ್ಲಸ್ಸೋ ಮೈನಸ್ಸೋ ಎಂಬುದನ್ನು ನೆನಪಿನಿಂದ ಹೇಳದೆ, ಯಾವ ಕೇಬಲ್ ಬಾಡಿಗೆ ಹೋಗಿದೆ ಎಂದು ಕಣ್ಣಾರೆ ನೋಡಿಯೇ ನಿರ್ಧರಿಸಿ.

ಕೆಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ ಕೈ ಮೇಲೆ ಹಾಕಿದರೆ ಹೋಲ್ಡರುಗಳು ಸಿಗುತ್ತವೆ, ಅವು ಡಬ್ಬಿಯ ಹಿಂಭಾಗದ ತೂತಿಗೆ ಬಿಗಿಯಾಗಿ ತುರುಕಿದವು, ಎಳೆದರೆ ಬರುತ್ತವೆ. ಎಳೆಯುವಾಗ ವಯರನ್ನು ಹಿಡಿಯದೆ ಹೋಲ್ಡರಿನ ಲೋಹವನ್ನೇ ಹಿಡಿಯಬೇಕು. ಆದರೆ ಒಂದೊಂದು ಬಲ್ಬನ್ನು ಹೀಗೆ ತಡಕಾಡಿ ಬದಲಿಸುವುದಕ್ಕಿಂತ ಒಮ್ಮೆ ಮೀಟರ್ ಬೋರ್ಡನ್ನು ಪೂರ್ತಿ ಹೊರಗೆ ತೆಗೆಯುವುದೇ ಮೇಲು ಎಂಬುದು ನನ್ನ ಅನುಭವ, ಏಕೆಂದರೆ ಹೋಲ್ಡರ್ ತಿಕ್ಕುವುದು, ಒಳಗಿನ ಧೂಳು ತೆಗೆಯುವುದು ಕಣ್ಣಿಗೆ ಕಾಣದ ಕಡೆ ಆಗದ ಕೆಲಸ. ತೆಗೆಯುವ ಮೊದಲು ಹಿಂಭಾಗದ ಫೋಟೊಗಳನ್ನು ಮೊಬೈಲಿನಲ್ಲಿ ನಾಲ್ಕಾರು ಕೋನಗಳಿಂದ ತೆಗೆದಿಟ್ಟುಕೊಳ್ಳಿ. ಪ್ರತಿ ವಯರಿಗೂ ಬಿಳಿ ಟೇಪು ಸುತ್ತಿ ಸಂಖ್ಯೆ ಬರೆಯಿರಿ, ಅದೇ ಸಂಖ್ಯೆಯನ್ನು ಒಂದು ಹಾಳೆಯ ಮೇಲೂ ಬರೆದುಕೊಳ್ಳಿ. ಬ್ರಿಟಿಷ್ ಪದ್ಧತಿಯ ವಯರಿಂಗಿನಲ್ಲಿ ಮೀಟರ್ ದೀಪದ ವಯರು ಕೆಂಪಿನ ಮೇಲೆ ಬಿಳಿ ಗೆರೆಯದು, ಅರ್ತ್ ಕಪ್ಪು. ಆದರೆ ನಲವತ್ತು ವರ್ಷಗಳಲ್ಲಿ ಎಷ್ಟು ಜನರ ಕೈ ಅಲ್ಲಿ ಆಡಿದೆಯೋ ತಿಳಿಯದು, ಬಣ್ಣವೊಂದನ್ನೇ ನಂಬಿ ಕೂರಬಾರದು.

ಸ್ಪೀಡೋಮೀಟರಿನ ಕೇಬಲ್ ಒಂದು ಗೀರುಗೀರಾದ ದುಂಡನೆಯ ನಟ್ಟಿನಿಂದ ಸೇರಿರುತ್ತದೆ. ಅದನ್ನು ಬೆರಳಿನಿಂದಲೇ ಬಿಚ್ಚಬೇಕು, ಬಾರದಿದ್ದರೆ ಬಟ್ಟೆ ಸುತ್ತಿ ಇಕ್ಕಳದಿಂದ ಮೆಲ್ಲಗೆ ಸಡಿಲಿಸಬೇಕು. ಕೇಬಲ್ ಗಿಡ್ಡವಾಗಿದ್ದು ಬೋರ್ಡು ಮುಂದೆ ಬರದಿದ್ದರೆ, ಬಲವಂತವಾಗಿ ಎಳೆಯದೆ, ಎಂಜಿನ್ನಿನ ಕಡೆ ಕೇಬಲ್ಲನ್ನು ಹಿಡಿದಿರುವ ಕ್ಲಿಪ್ಪನ್ನು ಬಿಡಿಸಿದರೆ ನಾಲ್ಕು ಬೆರಳಿನಷ್ಟು ಸಡಿಲ ಸಿಗುತ್ತದೆ. ಕೇಬಲ್ ಒಮ್ಮೆ ಮಡಿಸಿಕೊಂಡರೆ ಆಮೇಲೆ ಮುಳ್ಳು ಸದಾ ನಡುಗುತ್ತಲೇ ಇರುತ್ತದೆ. ಆಯಿಲ್ ಪ್ರೆಶರ್ ಮೀಟರಿಗೆ ವಯರಿನ ಬದಲು ಸಣ್ಣ ಕೊಳವೆ ಬಂದಿದ್ದರೆ ಅದರಲ್ಲಿ ಎಂಜಿನ್ ಆಯಿಲ್ಲೇ ಇರುತ್ತದೆ, ಬಿಚ್ಚುವಾಗ ಕೆಳಗೆ ಬಟ್ಟೆ ಹಾಸಬೇಕು, ಅದರ ತುದಿಯ ವಾಷರ್ ಕಳೆಯದಂತೆ ತೆಗೆದಿಡಬೇಕು.

ಹೋಲ್ಡರಿನ ಶುದ್ಧಿಗೆ ಎಷ್ಟು ಹೊತ್ತು ಕೊಟ್ಟರೂ ಹೆಚ್ಚಲ್ಲ. ಬಲ್ಬನ್ನು ತೆಗೆದು ಹೋಲ್ಡರಿನ ಒಳಗೆ ಇಣುಕಿ ನೋಡಿ: ಹೊಳೆಯಬೇಕಾದ ಹಿತ್ತಾಳೆ ಕಂದುಗಪ್ಪಾಗಿರುತ್ತದೆ, ಅಂಚಿನಲ್ಲಿ ಹಸಿರು ಪುಡಿ ಕೂತಿರುತ್ತದೆ, ತಳದ ಸಣ್ಣ ತಗಡಿನ ನಾಲಿಗೆ ಅಥವಾ ಸ್ಪ್ರಿಂಗ್ ದಣಿದು ಕೆಳಗೆ ಮಲಗಿರುತ್ತದೆ. 400 ಅಥವಾ 600ರ ಪಾಲಿಶ್ ಪೇಪರನ್ನು ಪೆನ್ಸಿಲಿನ ಹಿಂಬದಿಗೆ ಸುತ್ತಿ ಒಳಗೆ ತಿರುಗಿಸಿದರೆ ಹಿತ್ತಾಳೆ ಮತ್ತೆ ಹಳದಿಯಾಗಿ ಹೊಳೆಯುತ್ತದೆ. ಹೊರಮೈಯನ್ನೂ ತಿಕ್ಕಬೇಕು, ಏಕೆಂದರೆ ಅನೇಕ ಕಾರುಗಳಲ್ಲಿ ಹೋಲ್ಡರಿನ ಹೊರಮೈ ಮೀಟರಿನ ಡಬ್ಬಿಗೆ ತಾಗುವುದೇ ಅದರ ಅರ್ತ್; ಅದು ಕೂರುವ ತೂತಿನ ಅಂಚನ್ನೂ ಹಾಗೆಯೇ ತಿಕ್ಕಬೇಕು. ತಳದ ನಾಲಿಗೆಯನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಒಂದು ಕೂದಲೆಳೆಯಷ್ಟು ಮೇಲೆತ್ತಿದರೆ ಬಲ್ಬಿನ ಬುಡವನ್ನು ಅದು ಮತ್ತೆ ಬಿಗಿಯಾಗಿ ಒತ್ತುತ್ತದೆ. ನಂತರ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಪುಡಿಯನ್ನೆಲ್ಲ ಒರೆಸಿ, ಪೂರ್ತಿ ಒಣಗಿದ ಮೇಲೆ, ಪೆಟ್ರೋಲಿಯಂ ಜೆಲ್ಲಿಯನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ಹೊರಮೈಗೆ ಕಂಡೂ ಕಾಣದಷ್ಟು ಸವರಬೇಕು. ವಯರು ಹೋಲ್ಡರಿಗೆ ಸೇರುವ ಜಾಗದಲ್ಲಿ ಮೇಲಿನ ಹೊದಿಕೆ ಬಿರುಕು ಬಿಟ್ಟಿದ್ದರೆ ಟೇಪು ಸುತ್ತಿ ಮುಂದೆ ಹೋಗಬೇಡಿ, ಅಷ್ಟುದ್ದ ಹೊಸ ವಯರನ್ನೇ ಬೆಸುಗೆ ಹಾಕಿ.

ಡಬ್ಬಿಯ ಒಳಗಿನದು ಬೇರೆಯೇ ಕಥೆ. ಬೆಳಕು ಚೆದುರಲೆಂದು ಒಳಮೈಗೆ ಬಿಳಿ ಬಣ್ಣ ಬಳಿದಿರುತ್ತಾರೆ, ಅದು ಈಗ ಹಳೆಯ ಕಾಗದದಂತೆ ಹಳದಿಯಾಗಿರುತ್ತದೆ ಅಥವಾ ಉದುರಿರುತ್ತದೆ. ನಮ್ಮ ಬಯಲುಸೀಮೆಯ ಗಾಳಿಯಲ್ಲಿ ಧೂಳು ಇಲ್ಲದ ದಿನವೇ ಕಡಿಮೆ, ಚಿತ್ರದುರ್ಗದ ಕಡೆಯ ಗಾಳಿಯಂತೂ ಹೇಳುವುದೇ ಬೇಡ; ಆ ಸಣ್ಣ ಧೂಳು ಒಳಗೆ ಹೋಗಿ ಬಿಳಿ ಬಣ್ಣದ ಮೇಲೆ ಕಂದು ಪದರವಾಗಿ ಕೂತಿರುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಬಣ್ಣ ತೀರಾ ಹಾಳಾಗಿದ್ದರೆ ಮಾತ್ರ ಬಿಳಿ ಎನಾಮೆಲ್ ಬಣ್ಣದ ಒಂದು ತೆಳು ಪದರ ಬಳಿದು, ಎರಡು ದಿನ ಒಣಗಲು ಬಿಡಬೇಕು. ಗಾಜನ್ನು ಸೋಪಿನ ನೀರಿನಲ್ಲಿ ತೊಳೆಯಬಹುದು. ಡಯಲಿನ ಮುಖಕ್ಕೆ ಮಾತ್ರ ಯಾವ ದ್ರವವನ್ನೂ ಮುಟ್ಟಿಸಬಾರದು. ಸ್ಪಿರಿಟ್ಟು ತಾಗಿದರೆ ಅಂಕಿಗಳೇ ಹತ್ತಿಗೆ ಅಂಟಿಕೊಂಡು ಬರುತ್ತವೆ. ರಬ್ಬರಿನ ಊದುಬುರುಡೆಯಿಂದ ಗಾಳಿ ಊದಿದರೆ ಸಾಕು, ಮುಳ್ಳನ್ನು ಬೆರಳಿನಿಂದ ಸರಿಸಬಾರದು.

ರಿಯೋಸ್ಟಾಟ್ ಎಂದರೆ ಸುರುಳಿ ಸುತ್ತಿದ ತಂತಿಯ ಮೇಲೆ ಜಾರುವ ಒಂದು ಲೋಹದ ತೋಳು. ಗುಂಡಿ ತಿರುಗಿಸಿದಾಗ ಬೆಳಕು ಕುಣಿದರೆ ಆ ತಂತಿಯ ಮೇಲೆ ಕಿಲುಬು ಕೂತಿದೆ. ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಮತ್ತೆ ಮತ್ತೆ ತಿರುಗಿಸಿದರೆ ಬಹುಪಾಲು ಸರಿಹೋಗುತ್ತದೆ. ಸರಿಹೋಗದಿದ್ದರೆ ಅದರ ಎರಡು ಟರ್ಮಿನಲ್‌ಗಳನ್ನು ಒಂದು ತುಂಡು ವಯರಿನಿಂದ ಸೇರಿಸಿಬಿಡಬಹುದು. ಬೆಳಕು ಸದಾ ಪೂರ್ಣವಾಗಿರುತ್ತದೆ, ಇಳಿಸಲು ಬರುವುದಿಲ್ಲ ಅಷ್ಟೇ. ಹಳೆಯ ರಿಯೋಸ್ಟಾಟನ್ನು ಮಾತ್ರ ಎಸೆಯದೆ ಜಾಗದಲ್ಲಿಯೇ ಬಿಡಿ. ಹೆಡ್‌ಲೈಟ್ ಹಾಕಿದಾಗ ಮೀಟರ್ ಮಂಕಾಗುತ್ತಿದ್ದ ಕಾರಿಗೆ ಹೆಡ್‌ಲೈಟ್ ರಿಲೇ (ಹೆಡ್‌ಲೈಟಿನ ಹೆಚ್ಚಿನ ವಿದ್ಯುತ್ತನ್ನು ಸ್ವಿಚ್ಚಿನ ಬದಲು ತಾನೇ ಹಾಯಿಸುವ ಸಣ್ಣ ಸಾಧನ) ಕಟ್ಟಿಸುವುದು ಉತ್ತಮ ಉಪಾಯ, ಸ್ವಿಚ್ಚಿನ ಮೇಲಿನ ಭಾರ ಇಳಿದೊಡನೆ ಮೀಟರಿನ ಬೆಳಕೂ ಕುಗ್ಗದೆ ಒಂದೇ ಸಮ ಇರುತ್ತದೆ, ಹೆಡ್‌ಲೈಟಿನ ಬೆಳಕೂ ಹೆಚ್ಚುತ್ತದೆ.

ಅರ್ತ್‌ಗೆ ಹೊಸ ವಯರನ್ನೇ ಹಾಕಿಬಿಡಿ ಎಂಬುದು ನನ್ನ ಸಲಹೆ. ಮೀಟರಿನ ಡಬ್ಬಿಯ ಒಂದು ಸ್ಕ್ರೂವಿನ ಕೆಳಗೆ ದುಂಡನೆಯ ಲಗ್ (ವಯರಿನ ತುದಿಗೆ ಹಾಕುವ ಲೋಹದ ಉಂಗುರ) ಸೇರಿಸಿ, ಅಲ್ಲಿಂದ ಒಂದು ಕಪ್ಪು ವಯರನ್ನು ಬಾಡಿಯ ಬಣ್ಣ ಕೆರೆದ ಒಂದು ಬೋಲ್ಟಿಗೆ ಕಟ್ಟಿದರೆ, ಬೋರ್ಡನ್ನು ಹಿಡಿದಿರುವ ತುಕ್ಕು ಹಿಡಿದ ಸ್ಕ್ರೂಗಳನ್ನು ನಂಬಿ ಇರಬೇಕಾಗಿಲ್ಲ. ಹಾಗೆಯೇ ಮೀಟರ್ ದೀಪದ ವಯರಿಗೆ ಫ್ಯೂಸ್ ಇಲ್ಲದಿದ್ದರೆ 2 ಆಂಪಿಯರಿನ ಒಂದು ಗಾಜಿನ ಫ್ಯೂಸನ್ನು ಹೋಲ್ಡರ್ ಸಹಿತ ನಡುವೆ ಸೇರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗದು.

ಬಲ್ಬುಗಳನ್ನು ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಹೊಸದರ ಪಕ್ಕದಲ್ಲಿ ಉಳಿದ ಹಳೆಯ ಬಲ್ಬು ಮೊದಲಿಗಿಂತಲೂ ಮಂಕಾಗಿ ಕಾಣುತ್ತದೆ. ಬೋರ್ಡನ್ನು ತಿರುಗಿ ಕೂರಿಸುವ ಮೊದಲು ಹೊರಗಿರುವಾಗಲೇ ಪರೀಕ್ಷೆ ಮಾಡಿ. ಆದರೆ ಹೊರಗೆ ತೂಗಾಡುವ ಬೋರ್ಡಿಗೆ ಅರ್ತ್ ಇರುವುದಿಲ್ಲ, ಆದ್ದರಿಂದ ಕ್ಲಿಪ್ ಇರುವ ಒಂದು ವಯರಿನಿಂದ ಡಬ್ಬಿಯನ್ನು ಬಾಡಿಗೆ ಸೇರಿಸಿದ ಮೇಲೆಯೇ ದೀಪ ಉರಿಯುತ್ತದೆ. ಇದನ್ನು ಮರೆತು ಎಲ್ಲ ಬಲ್ಬುಗಳೂ ಕೆಟ್ಟವು ಎಂದು ಗಾಬರಿಯಾಗುವವರಿದ್ದಾರೆ. ಆಮೀಟರಿನ ಬೋಲ್ಟುಗಳಿಗೆ ಒಣ ಬಟ್ಟೆಯನ್ನು ಚೆನ್ನಾಗಿ ಸುತ್ತಿ, ಅವು ಎಲ್ಲಿಗೂ ತಾಗದಂತೆ ಬೋರ್ಡನ್ನು ಸ್ಟೀರಿಂಗ್ ಮೇಲೆ ಒರಗಿಸಿ, ಆಮೇಲೆ ಬ್ಯಾಟರಿಯ ಟರ್ಮಿನಲ್ ಹಾಕಿ ನೋಡಬೇಕು. ಮೀಟರ್ ದೀಪಗಳ ಜೊತೆಗೆ ಇಗ್ನಿಷನ್ನಿನ ಕೆಂಪು ದೀಪ, ಆಯಿಲ್ ದೀಪ, ಹೈ ಬೀಮಿನ ನೀಲಿ ದೀಪ, ಇಂಡಿಕೇಟರ್ ದೀಪ, ಇವೆಲ್ಲವನ್ನೂ ಒಂದೊಂದಾಗಿ ನೋಡಿ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಎಲ್ಲವೂ ಸರಿಯಾದರೆ ಟರ್ಮಿನಲ್ಲನ್ನು ಮತ್ತೊಮ್ಮೆ ಬಿಚ್ಚಿ, ಸ್ಪೀಡೋ ಕೇಬಲ್ಲಿನ ಚೌಕನೆಯ ತುದಿಯನ್ನು ಅದರ ಗುಳಿಯಲ್ಲಿ ಸರಿಯಾಗಿ ಕೂರಿಸಿ, ನಟ್ಟನ್ನು ಬೆರಳಿನಷ್ಟೇ ಬಿಗಿ ಮಾಡಿ, ಬೋರ್ಡನ್ನು ಅದರ ಜಾಗಕ್ಕೆ ತಳ್ಳಬೇಕು. ತಳ್ಳುವಾಗ ಯಾವ ವಯರೂ ಹಿಂದೆ ಸಿಕ್ಕಿಹಾಕಿಕೊಳ್ಳದಂತೆ ಕೈ ಆಡಿಸಿ ನೋಡಿ.

ನಮ್ಮ ಕಾರಿನಲ್ಲಿ ಈ ಕೆಲಸ ಮುಗಿದ ದಿನ ಹೋಲ್ಡರಿಗೆ 12.1 ವೋಲ್ಟ್ ತಲುಪುತ್ತಿತ್ತು, ಮೊದಲು 10.4 ಇತ್ತು. ಆ ರಾತ್ರಿ ಹದಡಿ ರಸ್ತೆಯಲ್ಲಿ, ಬೀದಿ ದೀಪಗಳು ಮುಗಿಯುವವರೆಗೆ ಹೋಗಿ, ರಿಯೋಸ್ಟಾಟನ್ನು ಎದುರಿನ ರಸ್ತೆ ಚೆನ್ನಾಗಿ ಕಾಣುವಷ್ಟಕ್ಕೆ ಇಳಿಸಿದೆ; ಮೀಟರಿನ ಬೆಳಕು ಅತಿಯಾದರೂ ಕಣ್ಣು ಹೊರಗಿನ ಕತ್ತಲೆಯನ್ನು ಸರಿಯಾಗಿ ಓದುವುದಿಲ್ಲ. ಹಸಿರು ಬೆಳಕಿನಲ್ಲಿ ಸ್ಪೀಡೋಮೀಟರಿನ ಪ್ರತಿ ಅಂಕಿಯೂ, ಬಿಸಿಯ ಮುಳ್ಳೂ, ಪೆಟ್ರೋಲಿನ ಮುಳ್ಳೂ ಒಂದೇ ನೋಟಕ್ಕೆ ಕಾಣುತ್ತಿದ್ದವು. ಉಳಿದ ಎರಡು ಬಲ್ಬುಗಳನ್ನು ಹತ್ತಿಯಲ್ಲಿ ಸುತ್ತಿ ಸಣ್ಣ ಡಬ್ಬಿಯಲ್ಲಿ ಹಾಕಿ, ಮೇಲೆ 12 ವೋಲ್ಟ್ 2.2 ವ್ಯಾಟ್ ಎಂದು ಬರೆದು ಗ್ಲೋವ್ ಬಾಕ್ಸಿನಲ್ಲಿ ಇಟ್ಟಿದ್ದೇನೆ. ತಿಂಗಳಿಗೊಮ್ಮೆ ಕಾರು ತೊಳೆಯುವ ದಿನ ರಿಯೋಸ್ಟಾಟಿನ ಗುಂಡಿಯನ್ನು ತುದಿಯಿಂದ ತುದಿಗೆ ಹತ್ತು ಸಲ ತಿರುಗಿಸುತ್ತೇನೆ.